ಓದುಗರ ಪತ್ರ, ಬ್ರಿಸ್ಟಲ್‌ನಿಂದ ಉತ್ತರ: ದೋಸೆ ಸಟ್ಟುಗ ಹಿಡಿದು ಮತ ಎಣಿಸಲು ಹೋದವಳು

ಎರಡು ಸಂಚಿಕೆಗಳ ಹಿಂದೆ ಇದೇ ಅಂಕಣದಲ್ಲಿ ನಾಲ್ಕು ಸಾಲು ಬರೆದಿದ್ದೆ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 2015ರಿಂದ ಗ್ರೀನ್ ಪಾರ್ಟಿಗಾಗಿ ಮನೆ ಮನೆ ತಿರುಗುತ್ತಿದ್ದೇನೆ, ಕರಪತ್ರ ಹಾಕಲು ಶಿರಸಿಯಿಂದ ತಂದ ಮರದ ಸಟ್ಟುಗ ಒಯ್ಯುತ್ತೇನೆ, ಇಲ್ಲಿ ಮೈಕು, ಬ್ಯಾನರು, ಬಾಡೂಟ ಯಾವುದೂ ಇಲ್ಲ ಅಂತ. ಸುಮ್ನೆ ಹೇಳಿದ್ದು. ಅದಕ್ಕೇ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ವೀಸಾ, ಅಡುಗೆ, ಮಕ್ಕಳ ಕನ್ನಡ ಎಲ್ಲವನ್ನೂ ಈ ಸಲ ಪಕ್ಕಕ್ಕಿಟ್ಟು ಚುನಾವಣೆಯ ಪತ್ರಗಳನ್ನೇ ಎತ್ತಿಕೊಂಡಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಪಕ್ಷದ ವಕ್ತಾರಳಲ್ಲ. ವಾರವಿಡೀ ಆಸ್ಪತ್ರೆಯ ಲ್ಯಾಬ್‌ನಲ್ಲಿ ರಕ್ತದ ಸ್ಯಾಂಪಲ್ ನೋಡುವವಳು, ಶನಿವಾರ ಕರಪತ್ರ ಹಾಕುವವಳು. ಉತ್ತರವನ್ನೂ ಅಷ್ಟರಮಟ್ಟಿಗೇ ನಂಬಿ.

ಅಕ್ಕಾ, ಗ್ರೀನ್ ಪಾರ್ಟಿ ಅಂದರೆ ಮರ ನೆಡುವ ಸಂಘವಾ, ನಿಜವಾದ ಪಕ್ಷವಾ?
— ಅಡಿಕೆ ಬೆಳೆಗಾರರು, ಸಿದ್ದಾಪುರ

ನಿಜವಾದ ಪಕ್ಷವೇ ಅಣ್ಣಾ. ಚಿಹ್ನೆ, ಠೇವಣಿ, ಒಳಜಗಳ ಎಲ್ಲ ಇದೆ.

ನೀವು ಸಿದ್ದಾಪುರದವರಾದ್ದರಿಂದ ಕಥೆಯನ್ನು ಇಂಗ್ಲೆಂಡಿನಿಂದಲ್ಲ, ಆಸ್ಟ್ರೇಲಿಯಾದ ಟಾಸ್ಮೇನಿಯಾದಿಂದ ಶುರು ಮಾಡುತ್ತೇನೆ. ಅಲ್ಲಿ ಪೆಡರ್ ಅಂತ ಒಂದು ಸುಂದರ ಸರೋವರ ಇತ್ತು. ಜಲವಿದ್ಯುತ್ ಯೋಜನೆಗಾಗಿ ಅದನ್ನು ಮುಳುಗಿಸಲು ಹೊರಟರು. ಅರ್ಜಿ ಕೊಟ್ಟರು, ಮೆರವಣಿಗೆ ಮಾಡಿದರು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ದೊಡ್ಡ ಪಕ್ಷಗಳೆರಡೂ ಅಣೆಕಟ್ಟಿನ ಕಡೆಗೇ. ಆಗ ವಿರೋಧಿಸುತ್ತಿದ್ದವರು 1972ರ ಮಾರ್ಚ್‌ನಲ್ಲಿ ಹೋಬಾರ್ಟ್ ನಗರದಲ್ಲಿ ಸೇರಿ ತಾವೇ ಒಂದು ಗುಂಪು ಕಟ್ಟಿ ಏಪ್ರಿಲ್‌ನ ಚುನಾವಣೆಗೆ ನಿಂತರು. ಯಾರೂ ಗೆಲ್ಲಲಿಲ್ಲ. ಸರೋವರವೂ ಮುಳುಗಿತು. ಆದರೆ ಜಗತ್ತಿನ ಮೊದಲ ಹಸಿರು ಪಕ್ಷ ಅಂತ ಎಲ್ಲರೂ ಹೆಸರಿಸುವುದು ಅದನ್ನೇ. ಲಿಂಗನಮಕ್ಕಿಯ ಹಿನ್ನೀರಿನ ಅಂಚಿನಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ.

ಇಂಗ್ಲೆಂಡಿನಲ್ಲಿ ಶುರುವಾಗಿದ್ದು ಅದರ ಬೆನ್ನಿಗೇ, 1973ರಲ್ಲಿ, ಕಾವೆಂಟ್ರಿ ಎಂಬ ಕಾರ್ಖಾನೆಗಳ ಊರಿನಲ್ಲಿ. ಮೊದಲ ಹೆಸರು 'ಪೀಪಲ್'. 1975ರಲ್ಲಿ ಇಕಾಲಜಿ ಪಾರ್ಟಿ. 1985ರಲ್ಲಿ ಗ್ರೀನ್ ಪಾರ್ಟಿ. ನನಗೆ ಇಷ್ಟವಾದ ಪ್ರಸಂಗ 1979ರದ್ದು. 50 ಕಡೆ ಅಭ್ಯರ್ಥಿ ನಿಲ್ಲಿಸಿದರೆ ಟಿವಿಯಲ್ಲಿ ಪಕ್ಷಕ್ಕೆ ಪುಕ್ಕಟೆ ಸಮಯ ಸಿಗುತ್ತಿತ್ತು. ಇವರು ಹೇಗೋ 53 ಜನರನ್ನು ಒಟ್ಟುಮಾಡಿದರು. ಗೆಲ್ಲಲಿಕ್ಕಲ್ಲ, ಟಿವಿಯಲ್ಲಿ ಕೆಲವು ನಿಮಿಷ ಮಾತಾಡಲಿಕ್ಕೆ! ಆ ಕೆಲವು ನಿಮಿಷ ನೋಡಿಯೇ ಪಕ್ಷ ಸೇರಿದವರು ಬಹಳ ಮಂದಿ.

ಮೇಡಂ, ನಾನು ಮುಂದಿನ ವರ್ಷ ಅಲ್ಲಿ ಎಂ.ಎಸ್ಸಿ. ಮಾಡಲು ಬರುವವಳು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ನೀವು ಅಲ್ಲಿ ವೋಟು ಹಾಕುವುದು ಹೇಗೆ? ಕಾನೂನು ತೊಂದರೆ ಇಲ್ಲವೇ?
— ವಿದ್ಯಾರ್ಥಿನಿ, ಧಾರವಾಡ

ಇದು ಇಲ್ಲಿಗೆ ಬರುವ ನಮ್ಮ ಹುಡುಗ ಹುಡುಗಿಯರಲ್ಲಿ ಮುಕ್ಕಾಲು ಪಾಲು ಜನರಿಗೆ ಗೊತ್ತೇ ಇರುವುದಿಲ್ಲ. ಕಾಮನ್‌ವೆಲ್ತ್ ದೇಶಗಳ ಪ್ರಜೆಗಳು, ಸರಿಯಾದ ವೀಸಾ ಮೇಲೆ ಇಲ್ಲಿ ವಾಸವಾಗಿದ್ದರೆ, ಮತ ಹಾಕಬಹುದು. ನಗರಸಭೆಗೂ ಹಾಕಬಹುದು, ಪಾರ್ಲಿಮೆಂಟಿಗೂ ಹಾಕಬಹುದು. ವಿದ್ಯಾರ್ಥಿ ವೀಸಾ ಕೂಡ ನಡೆಯುತ್ತದೆ. ಬಂದು ಮನೆ ಹಿಡಿದ ವಾರವೇ ಹೆಸರು ನೋಂದಾಯಿಸಿ. 2023ರಿಂದ ಮತಗಟ್ಟೆಯಲ್ಲಿ ಫೋಟೋ ಇರುವ ಗುರುತು ಕೇಳುತ್ತಾರೆ. ನಮ್ಮ ಪಾಸ್‌ಪೋರ್ಟೇ ಸಾಕು.

ನಾನು ಮೊದಲ ಸಲ ಹೋದಾಗ ಪೆಚ್ಚಾಗಿಬಿಟ್ಟೆ. ಒಂದು ಚರ್ಚಿನ ಹಾಲ್. ಮೇಜು, ಕಾಗದ, ದಾರಕ್ಕೆ ಕಟ್ಟಿದ ಒಂದು ಪೆನ್ಸಿಲ್. ಪೆನ್ಸಿಲ್! ಇಂಟು ಗುರುತು ಹಾಕಿ, ಮಡಚಿ, ಡಬ್ಬಿಗೆ ಹಾಕಿ ಬರುವುದು. ಬೆರಳಿಗೆ ಶಾಯಿ ಇಲ್ಲ. ಪೊಲೀಸಿಲ್ಲ. ಮನೆಗೆ ಬಂದು ಆಯಿಗೆ ಫೋನ್ ಮಾಡಿದರೆ, "ಶಾಯಿ ಹಚ್ಚದೇ ಇದ್ರೆ ವೋಟು ಆದ ಹಾಗಾ?" ಅಂತ ಕೇಳಿದಳು.

ಮೈಕಿಲ್ಲ, ಬ್ಯಾನರಿಲ್ಲ, ಬಾಡೂಟವಿಲ್ಲ ಅಂತೀರಿ. ಹಾಗಾದರೆ ಪ್ರಚಾರ ಅಂತ ಮಾಡುವುದಾದರೂ ಏನು? ಮೂವತ್ತು ವರ್ಷ ಚುನಾವಣಾ ಡ್ಯೂಟಿ ಮಾಡಿದವನು ನಾನು. ಬಿಡಿಸಿ ಹೇಳಿ.
— ನಿವೃತ್ತ ಶಿಕ್ಷಕರು, ಮೈಸೂರು

ಸರ್, ನಿಮ್ಮ ಪ್ರಶ್ನೆಗೆ ಜಾಸ್ತಿ ಜಾಗ ಕೊಡುತ್ತೇನೆ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಕಡೆ ಕ್ಯಾನ್ವಾಸ್ ಮಾಡುವುದು ಅಂದರೆ ಮತ ಕೇಳುವುದು. ಇಲ್ಲಿ ಕ್ಯಾನ್ವಾಸ್ ಅಂದರೆ ಮತ ಎಣಿಸುವುದು. ಚುನಾವಣೆಗೆ ಮೊದಲೇ, ಒಂದೊಂದೇ ಬಾಗಿಲು ಬಡಿದು ಎಣಿಸುವುದು. ಇದು ನನ್ನ ತಲೆಗೆ ಇಳಿಯಲು ಎರಡು ವರ್ಷ ಬೇಕಾಯಿತು.

ಹೀಗೆ ನಡೆಯುತ್ತದೆ. ಕೈಯಲ್ಲಿ ಬೀದಿಯ ಮತದಾರರ ಪಟ್ಟಿ ಇರುತ್ತದೆ. ಮೊದಲು ಕಾಗದ, ಈಗ ಫೋನ್. ಬಾಗಿಲು ಬಡಿದು ಹೆಸರು ಹೇಳಿ ಕೇಳುತ್ತೇವೆ, "ನಿಮ್ಮ ಬೀದಿಯಲ್ಲಿ ಏನಾದರೂ ತೊಂದರೆ ಇದೆಯಾ?" ಹವಾಮಾನ ಬದಲಾವಣೆ, ಹಿಮಗಡ್ಡೆ ಕರಗುವುದು, ಯಾವುದೂ ಇಲ್ಲ. ಯಾರೋ ತಂದು ಎಸೆದ ಹಾಸಿಗೆ, ಗುಂಡಿ ಬಿದ್ದ ರಸ್ತೆ, ಬಾಡಿಗೆ ಮನೆಯ ಗೋಡೆಗೆ ಬಂದ ಬೂಷ್ಟು. ಇಷ್ಟೇ ಮಾತು. ಕೊನೆಯಲ್ಲಿ, ಸಾಮಾನ್ಯವಾಗಿ ಯಾವ ಪಕ್ಷಕ್ಕೆ ಹಾಕುತ್ತೀರಿ ಅಂತ ಕೇಳಿ ಗುರುತು ಮಾಡಿಕೊಳ್ಳುತ್ತೇವೆ: ಖಂಡಿತ, ಬಹುಶಃ, ಇಲ್ಲ. ಕೋಪ ಬರಿಸದೆ ಇದನ್ನು ಕೇಳುವುದು ಒಂದು ಕಲೆ. ಕೆಲವರು ಹೇಳುವುದಿಲ್ಲ. ಅದೂ ಒಂದು ಗುರುತು.

2015ರ ನನ್ನ ಮೊದಲ ಶನಿವಾರ 40 ಬಾಗಿಲು ಬಡಿದೆ. 31 ಕಡೆ 'ಖಂಡಿತ' ಅಂತ ಬರೆದುಕೊಂಡು ಹೆಮ್ಮೆಯಿಂದ ತಂದುಕೊಟ್ಟೆ. ತಂಡ ನೋಡಿಕೊಳ್ಳುತ್ತಿದ್ದ ಹಿರಿಯ ಹೆಂಗಸು ಪಟ್ಟಿ ನೋಡಿ ನಕ್ಕುಬಿಟ್ಟರು. "ಇವರೆಲ್ಲ ನಿನಗೆ ಒಳ್ಳೆಯದಾಗಲಿ ಅಂದರಷ್ಟೇ" ಅಂದರು. ಇಂಗ್ಲಿಷರ ಮರ್ಯಾದೆಯನ್ನು ನಾನು ಮತ ಅಂತ ಲೆಕ್ಕ ಹಾಕಿದ್ದೆ! ನಮ್ಮಲ್ಲಿ ಮನೆಗೆ ಬಂದವರಿಗೆ "ನೋಡೋಣ, ಆಯ್ತು ಬಿಡಿ" ಅಂದು ಕಷಾಯ ಕೊಟ್ಟು ಕಳಿಸುವುದಿಲ್ಲವೇ, ಹಾಗೇ ಇದು. ಅವತ್ತಿನಿಂದ ನಕ್ಕವರನ್ನು ನಾನು ನಂಬುವುದಿಲ್ಲ. ಬಾಗಿಲಲ್ಲಿ ನಿಂತು ಐದು ನಿಮಿಷ ಜಗಳ ಆಡಿದವರನ್ನು ನಂಬುತ್ತೇನೆ. ಅವರು ಮತ ಹಾಕಲು ಹೋಗುವ ಪೈಕಿ.

ಇನ್ನು ಕರಪತ್ರ. ಚುನಾವಣೆ ಇರಲಿ ಬಿಡಲಿ, ವರ್ಷಕ್ಕೆ ಮೂರು ನಾಲ್ಕು ಸಲ ಪ್ರತಿ ಮನೆಗೂ ಒಂದು ಹಾಳೆ ಹೋಗುತ್ತದೆ. ಯಾವ ಗುಂಡಿ ಮುಚ್ಚಿಸಿದೆವು, ಯಾವ ದಾಟುದಾರಿಗೆ ಅರ್ಜಿ ಹಾಕಿದೆವು, ಇಂಥದ್ದೇ ಸುದ್ದಿ. ಇಲ್ಲಿನ ಬಾಗಿಲುಗಳಲ್ಲಿ ಕಾಗದ ಹಾಕಲು ಒಂದು ಕಿಂಡಿ ಇರುತ್ತದೆ. ಗಾಳಿ ಬಾರದಂತೆ ಅದಕ್ಕೆ ಒಳಗಿನಿಂದ ಗಟ್ಟಿ ಬ್ರಶ್ ಕೂರಿಸಿರುತ್ತಾರೆ, ಮೇಲೆ ಬಿಗಿ ಸ್ಪ್ರಿಂಗಿನ ಮುಚ್ಚಳ. ಕೈ ಹಾಕಿದರೆ ಬೆರಳ ಗಂಟು ತರಚುತ್ತದೆ. ಒಳಗೆ ನಾಯಿ ಇದ್ದರೆ ಬೆರಳೇ ಹೋಗುತ್ತದೆ. ನನ್ನದು ಒಮ್ಮೆ ಉಗುರಿನಷ್ಟರಲ್ಲಿ ಉಳಿಯಿತು. ಅದಕ್ಕೇ ಸಟ್ಟುಗ. ಕರಪತ್ರವನ್ನು ಅದರ ತುದಿಗೆ ಸುತ್ತಿ ಒಳಗೆ ತಳ್ಳಿದರೆ ಆಯಿತು. ಇಲ್ಲಿನವರೂ ಮರದ ಚಮಚ ಒಯ್ಯುತ್ತಾರೆ. ನನ್ನದು ದೋಸೆ ಮಗುಚುವ ಸಟ್ಟುಗವಾದ್ದರಿಂದ ತುದಿ ಚಪ್ಪಟೆ, ಕೆಲಸಕ್ಕೆ ಹೆಚ್ಚು ಅನುಕೂಲ. ತಂಡದಲ್ಲಿ ಇಬ್ಬರು ಅಂಥದ್ದೇ ತರಿಸಿಕೊಡು ಅಂತ ಕೇಳಿದರು. ಊರಿಗೆ ಹೋದಾಗ ಬಿಡಕೀಬೈಲಿನ ಪೇಟೆಯಲ್ಲಿ ಕೊಂಡು ತಂದೆ.

ಮತದಾನದ ದಿನ ಇನ್ನೊಂದು ಕೆಲಸ. ಮತಗಟ್ಟೆಯ ಬಾಗಿಲ ಹೊರಗೆ ಎಲ್ಲ ಪಕ್ಷದವರೂ ಕುರ್ಚಿ ಹಾಕಿ ಕೂರುತ್ತಾರೆ. ಎದೆಗೆ ಪಕ್ಷದ ಬಣ್ಣದ ರಿಬ್ಬನ್ ಹೂವು. ಇವರನ್ನು ಟೆಲ್ಲರ್ ಅನ್ನುತ್ತಾರೆ. ಮತ ಹಾಕಿ ಬಂದವರ ಪಟ್ಟಿ ನಂಬರ್ ಕೇಳಿ ಬರೆದುಕೊಳ್ಳುವುದು, ಅಷ್ಟೇ. ಯಾರಿಗೆ ಹಾಕಿದಿರಿ ಅಂತ ಕೇಳುವಂತಿಲ್ಲ. ನಂಬರ್ ಹೇಳಲೇಬೇಕೆಂಬ ಕಾನೂನೂ ಇಲ್ಲ. ನಮ್ಮ 'ಖಂಡಿತ'ಗಳಲ್ಲಿ ಯಾರು ಇನ್ನೂ ಬಂದಿಲ್ಲ ಅಂತ ಆ ನಂಬರಿನಿಂದ ತಿಳಿಯುತ್ತದೆ. ಸಂಜೆ ಅವರ ಮನೆಗೆ ಮಾತ್ರ ಓಡುವುದು. ಮತದಾನ ರಾತ್ರಿ 10ರವರೆಗೆ ಇರುತ್ತದೆ. ಒಂಬತ್ತೂವರೆಗೆ ಚಪ್ಪಲಿಯಲ್ಲೇ ಓಡಿ ಬಂದು ಮತ ಹಾಕಿದವರನ್ನು ಕಂಡಿದ್ದೇನೆ. ನಿಮ್ಮ ಡ್ಯೂಟಿಯ ದಿನಗಳಲ್ಲಿ ಬೂತ್ ಏಜೆಂಟರು ಪಟ್ಟಿ ಹಿಡಿದು ಗೆರೆ ಎಳೆಯುತ್ತಿದ್ದರಲ್ಲ, ಅದೇ ಲೆಕ್ಕ. ಅವರು ಒಳಗೆ, ಇವರು ಹೊರಗೆ.

15 ಪರ್ಸೆಂಟ್ ಮತ ಬಂದರೂ ಒಂದೂ ಸೀಟು ಬರಲಿಲ್ಲ, 6 ಪರ್ಸೆಂಟ್ ಬಂದಾಗ ನಾಲ್ಕು ಬಂತು ಅಂತ ಎಲ್ಲೋ ಓದಿದೆ. ಇದು ಯಾವ ಗಣಿತ?
— ಬಡಾವಣೆ ಕ್ಷೇಮಾಭಿವೃದ್ಧಿ ಸಂಘದ ಕಾರ್ಯದರ್ಶಿ, ಬೆಂಗಳೂರು

ನೀವು ಓದಿದ್ದು ಸರಿ. 1989ರ ಯೂರೋಪಿಯನ್ ಪಾರ್ಲಿಮೆಂಟ್ ಚುನಾವಣೆಯಲ್ಲಿ ಗ್ರೀನ್ ಪಾರ್ಟಿಗೆ 23 ಲಕ್ಷದ ಹತ್ತಿರ ಮತ ಬಿತ್ತು. ಸುಮಾರು ಶೇಕಡಾ 15. ಸೀಟು ಸೊನ್ನೆ. ಎಲ್ಲ ಕಡೆ ಸ್ವಲ್ಪ ಸ್ವಲ್ಪ ಬಿದ್ದರೆ ಎಲ್ಲೂ ಗೆಲ್ಲುವುದಿಲ್ಲ. ನಮ್ಮಲ್ಲೂ ಅದೇ ಪದ್ಧತಿಯಾದ್ದರಿಂದ ನಿಮಗೆ ಗೊತ್ತೇ ಇದೆ, ಜಾಸ್ತಿ ಮತ ಬಿದ್ದವರು ಗೆದ್ದರು, ಉಳಿದವರದು ನೀರಿಗೆ. 2024ರ ಜುಲೈ 4ರ ಪಾರ್ಲಿಮೆಂಟ್ ಚುನಾವಣೆಯಲ್ಲಿ ಬಿದ್ದಿದ್ದು 19 ಲಕ್ಷದ ಆಸುಪಾಸು, ಅಂದರೆ 1989ಕ್ಕಿಂತ ಕಡಿಮೆ. ಸೀಟು ನಾಲ್ಕು.

ನಡುವೆ ಏನಾಯಿತೆಂದರೆ, ಎಲ್ಲಿ ದುಡಿಯಬಾರದು ಅಂತ ಕಲಿತರು. ಇದನ್ನು ಕಲಿಯುವುದು ಪರಿಸರದವರಿಗೆ ಬಹಳ ಕಷ್ಟ. ನಮಗೆ ಇಡೀ ಭೂಮಿ ಉಳಿಸಬೇಕಲ್ಲ! ಒಂದು ವಾರ್ಡು ಅಂದರೆ ಸಣ್ಣದು ಅನಿಸುತ್ತದೆ. ಆದರೆ ಕ್ರಮ ಇದು: ಒಂದು ವಾರ್ಡು ಹಿಡಿಯುವುದು, ಗೆಲ್ಲುವವರೆಗೂ ಬಿಡದಿರುವುದು. ಗೆದ್ದ ಮೇಲೆ ಪಕ್ಕದ ವಾರ್ಡಿಗೆ ಹೋಗುವುದು. ಹತ್ತು ಹನ್ನೆರಡು ವಾರ್ಡು ಕೂಡಿಕೊಂಡಾಗ ಪಾರ್ಲಿಮೆಂಟ್ ಕ್ಷೇತ್ರ ಕೈಗೆ ಎಟುಕುತ್ತದೆ. ಬ್ರೈಟನ್ ಪೆವಿಲಿಯನ್ ಕ್ಷೇತ್ರದಿಂದ ಕ್ಯಾರೊಲಿನ್ ಲೂಕಸ್ 2010ರಲ್ಲಿ ಪಕ್ಷದ ಮೊದಲ ಎಂಪಿ ಆಗಿದ್ದು ಹೀಗೇ, 1,252 ಮತಗಳ ಅಂತರದಲ್ಲಿ. 2019ರ ಹೊತ್ತಿಗೆ ಅದೇ ಅಂತರ 19,940.

ನಮ್ಮ ಬ್ರಿಸ್ಟಲ್‌ನದು ಇಷ್ಟು ನೇರವಾದ ದಾರಿ ಅಲ್ಲ. 2006ರಲ್ಲಿ ಸೌತ್‌ವಿಲ್ ವಾರ್ಡಿನಿಂದ ನಗರಸಭೆಗೆ ಒಬ್ಬರೇ ಒಬ್ಬರು ಹೋದರು. 2015ರಲ್ಲಿ ನಾನು ಸೇರಿಕೊಂಡಾಗ ಪಾರ್ಲಿಮೆಂಟಿಗೆ ಎರಡನೇ ಸ್ಥಾನ ಬಂತು, ಅಂತರ 5,673. ಮುಂದಿನ ಸಲ ಗೆದ್ದೇಬಿಟ್ಟೆವು ಅಂದುಕೊಂಡೆವು. 2017ರಲ್ಲಿ ಲೇಬರ್ ಪಕ್ಷದ ಜೆರೆಮಿ ಕಾರ್ಬಿನ್ ಅಲೆ ಎದ್ದು ನಮ್ಮ ಯುವಕರೆಲ್ಲ ಆ ಕಡೆ ಹೋದರು. ನಾವು ಮೂರನೇ ಸ್ಥಾನಕ್ಕೆ! ಆ ರಾತ್ರಿ ಮನೆಗೆ ಬಂದು ಸಟ್ಟುಗವನ್ನು ಅಡುಗೆಮನೆಯ ಡ್ರಾಯರಿಗೆ ಹಾಕಿದೆ, ಇನ್ನು ದೋಸೆಗೆ ಮಾತ್ರ ಅಂತ. ಮನೆಯವರು "ನೋಡೋಣ ಎಷ್ಟು ದಿನ" ಅಂದರು. ನಾಲ್ಕು ತಿಂಗಳು ಅಷ್ಟೇ.

2019ರಲ್ಲಿ ಮತ್ತೆ ಎರಡನೇ ಸ್ಥಾನ, ಆದರೆ ಅಂತರ 28,219. ಅಭ್ಯರ್ಥಿ ಕಾರ್ಲಾ ಡೆನಿಯರ್. ಆಕೆ 2015ರಿಂದ ಕೌನ್ಸಿಲರ್ ಆಗಿದ್ದವರು. 2018ರ ನವೆಂಬರ್‌ನಲ್ಲಿ ಹವಾಮಾನ ತುರ್ತುಪರಿಸ್ಥಿತಿ ಘೋಷಿಸುವ ನಿರ್ಣಯ ತಂದಿದ್ದು ಅವರೇ, ಬ್ರಿಟನ್ನಿನಲ್ಲಿ ಅಂಥದ್ದು ಮೊದಲು ಮಾಡಿದ ನಗರಸಭೆ ನಮ್ಮದು. ಆದರೂ 28 ಸಾವಿರದ ಗುಡ್ಡ ಹತ್ತುವುದು ಹೇಗೆ? 2021ರಲ್ಲಿ ನಗರಸಭೆಯ 70 ಸೀಟಿನಲ್ಲಿ 24 ಬಂತು. 2024ರ ಮೇ ತಿಂಗಳಲ್ಲಿ 34. ಎರಡು ತಿಂಗಳ ನಂತರ ಬ್ರಿಸ್ಟಲ್ ಸೆಂಟ್ರಲ್‌ನಲ್ಲಿ ಕಾರ್ಲಾಗೆ 24,539, ಲೇಬರ್‌ನ ಥಂಗಮ್ ಡೆಬನೇರ್ ಅವರಿಗೆ 14,132. ಡೆಬನೇರ್ ಸಚಿವೆಯಾಗುತ್ತಾರೆ ಅಂತ ಎಲ್ಲರೂ ನಂಬಿದ್ದರು. ಅವರ ಪಕ್ಷ ದೇಶ ಗೆದ್ದ ರಾತ್ರಿ ಅವರು ಸೋತರು. ಎದುರಾಳಿಯಾದರೂ ನನಗೆ ಸ್ವಲ್ಪ ಅಯ್ಯೋ ಅನಿಸಿತು.

ಆ ಸಲ ಪಕ್ಷ ಹೆಚ್ಚುಕಡಿಮೆ ಎಲ್ಲ ಕ್ಷೇತ್ರಗಳಲ್ಲೂ ಅಭ್ಯರ್ಥಿ ಹಾಕಿತ್ತು. ಆದರೆ ದುಡ್ಡು, ಜನ, ಶನಿವಾರಗಳು ಎಲ್ಲ ಹೋಗಿದ್ದು ನಾಲ್ಕೇ ಕಡೆಗೆ. ಬ್ರೈಟನ್, ಬ್ರಿಸ್ಟಲ್, ಮತ್ತೆರಡು ಹಳ್ಳಿಗಾಡಿನ ಕ್ಷೇತ್ರ: ವೇವ್ನಿ ವ್ಯಾಲಿ, ನಾರ್ತ್ ಹೆರೆಫರ್ಡ್‌ಷೈರ್. ನಾಲ್ಕಕ್ಕೆ ನಾಲ್ಕೂ ಬಂತು. ಉಳಿದವರು ಹೆಸರಿಗೆ ನಿಂತವರು. ನಮ್ಮೂರಿನ ಮಾತಿನಲ್ಲಿ ಹೇಳುವುದಾದರೆ, ಇರುವ ಗೊಬ್ಬರವನ್ನು ಇಡೀ ಬೆಟ್ಟಕ್ಕೆ ಎರಚಲಿಲ್ಲ, ನಾಲ್ಕು ಮರದ ಬುಡಕ್ಕೆ ಹಾಕಿದರು.

ಪರಿಸರ ಪಕ್ಷ ಅಂತೀರಿ, ಇಷ್ಟೊಂದು ಕಾಗದ ಹಂಚುತ್ತೀರಿ. ನಾಚಿಕೆ ಆಗುವುದಿಲ್ಲವೇ?
— ಹೆಸರು ಬೇಡ ಎಂದವರು, ಹುಬ್ಬಳ್ಳಿ

ಆಗುತ್ತದೆ. ಪ್ರತಿ ಬೀದಿಯಲ್ಲೂ ಒಬ್ಬರಾದರೂ ಇದನ್ನು ಕೇಳುತ್ತಾರೆ. ಮರುಬಳಕೆ ಕಾಗದ ಅಂತ ಮೂಲೆಯಲ್ಲಿ ಅಚ್ಚು ಹಾಕಿರುತ್ತೇವೆ. ಅದನ್ನು ತೋರಿಸಿ ಜಾರಿಕೊಳ್ಳುತ್ತೇನೆ.

ಗೆಲ್ಲುವುದು ಸರಿ. ಅಧಿಕಾರಕ್ಕೆ ಬಂದ ಮೇಲೆ ಇವರೂ ಎಲ್ಲರ ಹಾಗೇ ಆದರೇ?
— ಪುರಸಭೆಯ ಮಾಜಿ ಸದಸ್ಯೆ, ಸಾಗರ

ಅಮ್ಮಾ, ನೀವು ಪುರಸಭೆಯಲ್ಲಿ ಕೂತವರು, ಕಸದ ವಿಷಯ ನಿಮಗೆ ಹೇಳಬೇಕೇ.

ಬ್ರೈಟನ್‌ನಲ್ಲಿ 2011ರಲ್ಲಿ 54ರಲ್ಲಿ 23 ಸೀಟು ಗೆದ್ದು ಗ್ರೀನ್‌ನವರು ನಗರಸಭೆ ನಡೆಸಲು ಕೂತರು. ಬಹುಮತ ಇರಲಿಲ್ಲ. 2013ರಲ್ಲಿ ನೌಕರರ ಭತ್ಯೆಗಳನ್ನು ಸರಿಹೊಂದಿಸಲು ಹೊರಟರು. ಉದ್ದೇಶ ಹೆಂಗಸರಿಗೂ ಗಂಡಸರಿಗೂ ಸಮ ಸಂಬಳ, ಅದು ಒಳ್ಳೆಯದೇ. ಆದರೆ ಕಸ ಎತ್ತುವವರ ಕೈಗೆ ಬರುವ ಹಣ ಕಡಿಮೆಯಾಗುವ ಹಾಗಾಯಿತು. ಮುಷ್ಕರ. ಬೇಸಿಗೆ, ಸಮುದ್ರ ತೀರದ ಪ್ರವಾಸಿ ಊರು, ಬೀದಿಯಲ್ಲಿ ಕಸದ ರಾಶಿ, ಅದರ ಮೇಲೆ ಕಡಲಹಕ್ಕಿಗಳು. ಪರಿಸರ ಪಕ್ಷದ ಊರಿನಲ್ಲಿ! ಪತ್ರಿಕೆಗಳಿಗೆ ಹಬ್ಬ. ಇನ್ನೂ ವಿಚಿತ್ರವೆಂದರೆ ಪಕ್ಷದ ಒಬ್ಬಳೇ ಎಂಪಿ ಲೂಕಸ್ ಹೋಗಿ ಮುಷ್ಕರ ಮಾಡುವವರ ಸಾಲಿನಲ್ಲಿ ನಿಂತರು. ತನ್ನ ಪಕ್ಷದ ಆಡಳಿತಕ್ಕೆ ವಿರುದ್ಧವಾಗಿ. ನನಗೆ ಆಕೆಯ ಬಗ್ಗೆ ಗೌರವ ಬಂದಿದ್ದು ಅವತ್ತು. ನಗರಸಭೆಯವರ ಬಗ್ಗೆ ಕನಿಕರವೂ ಅವತ್ತೇ ಬಂತು. 2015ರಲ್ಲಿ ಅವರ 23 ಸೀಟು 11ಕ್ಕೆ ಇಳಿಯಿತು. ಲೂಕಸ್ ಮಾತ್ರ ಇನ್ನೂ ದೊಡ್ಡ ಅಂತರದಲ್ಲಿ ಗೆದ್ದರು. ಜನ ಎರಡನ್ನೂ ಬೇರೆ ಬೇರೆಯಾಗಿಯೇ ನೋಡಿದರು.

ನಮ್ಮಲ್ಲೂ ಅದೇ ಕಸ. 2025ರ ಆರಂಭದಲ್ಲಿ ಬ್ರಿಸ್ಟಲ್ ನಗರಸಭೆ, ಕಪ್ಪು ಬಿನ್ನಿನ ಕಸವನ್ನು ಮೂರು ಅಥವಾ ನಾಲ್ಕು ವಾರಕ್ಕೊಮ್ಮೆ ಎತ್ತಿದರೆ ಹೇಗೆ ಅಂತ ಜನರನ್ನು ಕೇಳಿತು. ಜನ ಹೇಗೆ ಅಂತ ಹೇಳಿದರು! ನಾಲ್ಕು ವಾರದ ವಿಚಾರ ಅಲ್ಲಿಗೇ ಬಿತ್ತು. ಆ ತಿಂಗಳು ನಾನು ಬಡಿದ ಬಾಗಿಲುಗಳಲ್ಲಿ ಮಗುವಿನ ಡೈಪರ್ ಬಿಟ್ಟು ಬೇರೆ ಮಾತಿಲ್ಲ. ಹತ್ತು ವರ್ಷ "ನಗರಸಭೆಯವರು ಏನೂ ಮಾಡುತ್ತಿಲ್ಲ" ಅಂತ ಕರಪತ್ರ ಹಾಕಿದ್ದೆ. ಈಗ ನಗರಸಭೆಯವರು ಅಂದರೆ ನಾವೇ.

ಗಾಳಿ ವಿದ್ಯುತ್ ಬೇಕು ಅನ್ನುವವರೇ ವಿದ್ಯುತ್ ಗೋಪುರ ಬೇಡ ಅಂತಾರಂತೆ. ನಮ್ಮ ಶರಾವತಿ ಪಂಪ್ಡ್ ಸ್ಟೋರೇಜ್ (ನೀರನ್ನು ಮೇಲಕ್ಕೆ ಪಂಪ್ ಮಾಡಿಟ್ಟು ಬೇಕಾದಾಗ ಕರೆಂಟ್ ತೆಗೆಯುವ ಯೋಜನೆ) ವಿರೋಧಿಸುವವರನ್ನೂ ಹೀಗೇ ಆಡಿಕೊಳ್ಳುತ್ತಾರೆ. ನೀವು ಯಾವ ಕಡೆ?
— ಓದುಗರು, ಹೊನ್ನಾವರ

ಚುಚ್ಚುವ ಪ್ರಶ್ನೆ. ವೇವ್ನಿ ವ್ಯಾಲಿಯ ನಮ್ಮ ಎಂಪಿ ಏಡ್ರಿಯನ್ ರಾಮ್ಸೆ ಅವರ ಕ್ಷೇತ್ರದ ಕಡೆಯಿಂದ ನಾರ್ವಿಚ್‌ನಿಂದ ಟಿಲ್ಬರಿಯವರೆಗೆ ದೊಡ್ಡ ವಿದ್ಯುತ್ ತಂತಿ ಎಳೆಯುವ ಯೋಜನೆ ಇದೆ. ಸಮುದ್ರದ ಗಾಳಿಯಂತ್ರಗಳ ಕರೆಂಟನ್ನು ತರಲಿಕ್ಕೆ. ಗದ್ದೆಗಳ ಮೇಲೆ ಗೋಪುರ ಬೇಡ, ಬೇರೆ ದಾರಿ ನೋಡಿ ಅಂತ ಅವರು ಗೆದ್ದ ತಿಂಗಳಲ್ಲೇ ಹೇಳಿದರು. ಲೇಬರ್‌ನವರು, ಪತ್ರಕರ್ತರು, ನಮ್ಮದೇ ಪಕ್ಷದ ನಗರದ ಹುಡುಗರು ಎಲ್ಲ ನಕ್ಕರು.

ಅವರ ಬಾಗಿಲುಗಳಲ್ಲಿ ನಾನು ನಿಂತಿಲ್ಲ. ಆದರೆ ಮತ ಕೇಳಲು ಹೋದ ಕಡೆಯೆಲ್ಲ "ನಿಮಗೆ ಏನು ತೊಂದರೆ" ಅಂತ ಕೇಳುವ ಪಕ್ಷಕ್ಕೆ ಇದು ಒಂದು ದಿನ ಬರಲೇಬೇಕಿತ್ತು. ಜನ ತೊಂದರೆ ಹೇಳುತ್ತಾರೆ, ಮತ ಹಾಕುತ್ತಾರೆ, ಆಮೇಲೆ ಉತ್ತರ ಕೇಳುತ್ತಾರೆ. ನನ್ನ ಮನಸ್ಸು ಕೇಳಿದರೆ, ಆ ತಂತಿ ಬೇಕು ಅನ್ನುತ್ತದೆ. ಗದ್ದೆಯಲ್ಲಿ ಗೋಪುರ ನಿಂತರೆ ಗದ್ದೆ ಗದ್ದೆಯಾಗಿಯೇ ಇರುತ್ತದೆ.

ಶರಾವತಿಯದು ಬೇರೆ. 2,000 ಮೆಗಾವಾಟ್‌ಗಾಗಿ ಸಿಂಗಳೀಕಗಳ ಅಭಯಾರಣ್ಯದೊಳಗೇ ಸುರಂಗ ಕೊರೆಯುವ ಮಾತು ಅದು. ಒಮ್ಮೆ ಕಡಿದ ಆ ಕಾಡು ಮತ್ತೆ ಬರುವುದಿಲ್ಲ. ಹಾಗಾಗಿ ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಹೊನ್ನಾವರದ ನೀವು ನದಿಯ ತುದಿಯಲ್ಲಿ ಕೂತಿದ್ದೀರಿ, ಮೇಲಿನಿಂದ ಏನು ಬಿಡುತ್ತಾರೋ ಅದನ್ನೇ ಕಾಣುವವರು. ನಿಮ್ಮ ಕಡೆಯೇ ನಾನು.

ನಮ್ಮಲ್ಲಿ ಇಂಥ ಪಕ್ಷ ಯಾಕೆ ಬೆಳೆಯಲಿಲ್ಲ? ಅಪ್ಪಿಕೋ ಹುಟ್ಟಿದ ಜಿಲ್ಲೆ ನಮ್ಮದು!
— ಪದವಿ ಕಾಲೇಜಿನ ಉಪನ್ಯಾಸಕರು, ಶಿರಸಿ

ಸರ್, ನನ್ನೂರಿನವರೇ ಕೇಳಿದ್ದೀರಿ. 1983ರ ಸೆಪ್ಟೆಂಬರ್‌ನಲ್ಲಿ ಸಾಲ್ಕಣಿಯವರು ಕಳಸೆ ಕಾಡಿಗೆ ಹೋಗಿ ಮರ ಅಪ್ಪಿದ ಕಥೆ ಕೇಳಿಯೇ ನಾವೆಲ್ಲ ಬೆಳೆದದ್ದು. ಬೇಡ್ತಿ ಜಲವಿದ್ಯುತ್ ಯೋಜನೆಯ ವಿರೋಧವೂ ಹಾಗೇ. ಚಳವಳಿಗೆ ನಮ್ಮಲ್ಲಿ ಬರವಿಲ್ಲ.

ಮತಪೆಟ್ಟಿಗೆಯವರೆಗೆ ಒಯ್ದವರೂ ಇದ್ದರು. 1989ರ ಲೋಕಸಭೆಗೆ ಶಿವರಾಮ ಕಾರಂತರು ಕೈಗಾ ಅಣುಸ್ಥಾವರದ ವಿರುದ್ಧ ನಮ್ಮ ಜಿಲ್ಲೆಯಿಂದ ಪಕ್ಷೇತರರಾಗಿ ನಿಂತರು. ಅವರಿಗೆ ಆಗ 87 ವರ್ಷ. ನಾನು ಮೂರನೇ ಕ್ಲಾಸು. ನಮ್ಮ ಕೇರಿಯ ದೊಡ್ಡವರೆಲ್ಲ ಜಗಲಿಯಲ್ಲಿ ಕೂತು ಅವರ ಮಾತು ಖರೆ, ಬಹಳ ಖರೆ ಅನ್ನುತ್ತಿದ್ದದ್ದು ನೆನಪಿದೆ. ಸೋತರು. ಬಾಗಿಲಲ್ಲಿ ನಕ್ಕವರನ್ನು 'ಖಂಡಿತ' ಅಂತ ಬರೆದುಕೊಂಡಾಗಲೆಲ್ಲ ನನಗೆ ಆ ಜಗಲಿ ನೆನಪಾಗುತ್ತದೆ. ಅಪ್ಪಯ್ಯ ಯಾರಿಗೆ ಹಾಕಿದನೋ, ಇವತ್ತಿಗೂ ಹೇಳಿಲ್ಲ.

ಯಾಕೆ ಬೆಳೆಯಲಿಲ್ಲ ಅಂದರೆ ನನಗೆ ಕಾಣುವುದು ಇಷ್ಟು. ಠೇವಣಿಯನ್ನೇ ನೋಡಿ. ಇಲ್ಲಿ ಪಾರ್ಲಿಮೆಂಟಿಗೆ 500 ಪೌಂಡ್. ಶೇಕಡಾ 5 ಮತ ಬಂದರೆ ವಾಪಸ್. ನಗರಸಭೆಗೆ ಠೇವಣಿಯೇ ಇಲ್ಲ. ನಮ್ಮಲ್ಲಿ ಲೋಕಸಭೆಗೆ 25,000 ರೂಪಾಯಿ, ಆರರಲ್ಲಿ ಒಂದು ಪಾಲು ಮತ ಬರಬೇಕು. ಆದರೆ ಇದಕ್ಕಿಂತ ದೊಡ್ಡದು ಕೆಳಗಿನ ಮೆಟ್ಟಿಲಿನದು. ಬ್ರಿಸ್ಟಲ್‌ನಲ್ಲಿ ಒಬ್ಬರಿಂದ 34ಕ್ಕೆ 18 ವರ್ಷ ಹಿಡಿಯಿತು, ಸರಿ. ಆ 18 ವರ್ಷದಲ್ಲಿ ವಾರ್ಡ್ ಚುನಾವಣೆ ಹೊತ್ತಿಗೆ ಸರಿಯಾಗಿ ಬರುತ್ತಾ ಇತ್ತು. ಕೋವಿಡ್‌ನಲ್ಲಿ ಒಂದು ವರ್ಷ ಮುಂದೆ ಹೋಯಿತು, ಅಷ್ಟೇ. ಬೆಂಗಳೂರಿನಲ್ಲಿ ಬಿಬಿಎಂಪಿ ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ. 2020ರಲ್ಲಿ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಕೌನ್ಸಿಲರ್ರೇ ಇಲ್ಲ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗೆ 2016ರಲ್ಲಿ ಚುನಾವಣೆ ಆಗಿ, 2021ಕ್ಕೆ ಅವಧಿ ಮುಗಿದ ಮೇಲೆ ಅದೇ ಕಥೆ. ಸಣ್ಣ ಪಕ್ಷ ಹತ್ತುವ ಏಣಿಯ ಕೆಳಗಿನ ಮೆಟ್ಟಿಲನ್ನೇ ಕಿತ್ತು ಅಟ್ಟದ ಮೇಲಿಟ್ಟರೆ ಯಾರು ತಾನೇ ಹತ್ತುತ್ತಾರೆ?

ಗ್ರಾಮ ಪಂಚಾಯಿತಿಗೆ ನಮ್ಮಲ್ಲಿ ಪಕ್ಷದ ಚಿಹ್ನೆಯೇ ಬೇಡ. ನಿಮ್ಮ ವಿದ್ಯಾರ್ಥಿಗಳಲ್ಲಿ ಯಾರಿಗಾದರೂ ಉಮೇದು ಇದ್ದರೆ ಅಲ್ಲಿಂದ ಶುರು ಮಾಡಲಿ. ಪಶ್ಚಿಮಘಟ್ಟದ ಭಾಷಣ ಬೇಡ. ಕುಡಿಯುವ ನೀರಿನ ಪೈಪು, ಕಾಡುದಾರಿಯ ಕಾಲುಸಂಕ. ಸಟ್ಟುಗ ಬೇಕಾಗಲಿಕ್ಕಿಲ್ಲ, ನಮ್ಮಲ್ಲಿ ಬಾಗಿಲು ತೆರೆದೇ ಇರುತ್ತದೆ. ನಾಯಿ ಮಾತ್ರ ಇದ್ದೇ ಇದೆ.

ಅಷ್ಟು ಬಾಗಿಲು ಬಡಿದಿರಲ್ಲ, ಒಂದಾದರೂ ನೆನಪಿನಲ್ಲಿ ಉಳಿದಿದೆಯಾ ಅಕ್ಕಾ?
— ಗೃಹಿಣಿ, ತೀರ್ಥಹಳ್ಳಿ

ಒಂದಿದೆ. ಮಾಂಟ್‌ಪೆಲಿಯರ್ ಕಡೆಯ ಇಳಿಜಾರಿನಲ್ಲಿ ರಸ್ತೆಗಿಂತ ತಗ್ಗಿನಲ್ಲಿರುವ ಮನೆ. ಹನ್ನೊಂದು ಮೆಟ್ಟಿಲು ಇಳಿಯಬೇಕು, ಮಳೆ ಬಂದರೆ ಪಾಚಿ. ಅಲ್ಲಿ ಒಬ್ಬ ಅಜ್ಜ, ಬಂದರಿನಲ್ಲಿ ದುಡಿದವರು. 2015ರಲ್ಲಿ "ನಮ್ಮಪ್ಪನ ಕಾಲದಿಂದ ಲೇಬರ್" ಅಂದು ಬಾಗಿಲು ಹಾಕಿಕೊಂಡರು. 2019ರಲ್ಲೂ ಅದೇ ಮಾತು, ಆದರೆ ಬಾಗಿಲು ಹಾಕಲಿಲ್ಲ. ಮೇಲಿನ ಚರಂಡಿ ಕಟ್ಟಿ ನೀರು ಮನೆಗೆ ನುಗ್ಗುತ್ತದೆ ಅಂದರು. ನಮ್ಮ ಕೌನ್ಸಿಲರ್‌ಗೆ ಹೇಳಿದೆ. ಚರಂಡಿ ಸರಿಯಾಗಲು ಏಳು ತಿಂಗಳು. ಆಮೇಲೆ ಕರಪತ್ರ ಹಾಕಲು ಹೋದಾಗೆಲ್ಲ ಎರಡು ಮಾತು. ಸಟ್ಟುಗ ನೋಡಿ ಅದರಲ್ಲಿ ಏನು ಮಾಡುತ್ತೀರಿ ಅಂತ ಕೇಳಿದ್ದರು. ಒಂದು ಸಲ ದೋಸೆ ಕಟ್ಟಿಕೊಂಡು ಹೋಗಿ ಕೊಟ್ಟೆ. ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಮಾತ್ರ ಯಾವತ್ತೂ 'ಇಲ್ಲ' ಅಂತಲೇ ಬರೆದೆ.

2024ರ ಜುಲೈ 4, ಸಂಜೆ ಆರೂವರೆ. ನಾನು ಮತಗಟ್ಟೆಯ ಹೊರಗೆ ಟೆಲ್ಲರ್. ಪಕ್ಕದ ಕುರ್ಚಿಯಲ್ಲಿ ಲೇಬರ್‌ನ ಹೆಂಗಸು, ಅವಳ ಬಿಸ್ಕತ್ತನ್ನು ಇಬ್ಬರೂ ತಿನ್ನುತ್ತಿದ್ದೆವು. ಅಜ್ಜ ಕೋಲು ಊರಿಕೊಂಡು ಬಂದರು, ಒಳಗೆ ಹೋದರು, ಹಾಗೇ ಹೊರಬಂದರು. ಗುರುತಿನ ಕಾರ್ಡು ತಂದಿರಲಿಲ್ಲ. ಏನೂ ಹೇಳದೆ ಹೋದರು. ಆ ಏರು, ಆ ಹನ್ನೊಂದು ಮೆಟ್ಟಿಲು. ಇನ್ನು ಬರುವುದಿಲ್ಲ ಅಂದುಕೊಂಡೆ. ಮುಕ್ಕಾಲು ಗಂಟೆ ಬಿಟ್ಟು ಬಂದರು, ಕೈಯಲ್ಲಿ ಪಾಸ್‌ಪೋರ್ಟ್. ಮತ ಹಾಕಿ ಹೊರಬಂದು ನಮ್ಮಿಬ್ಬರ ಎದುರು ನಿಂತು, ಕೇಳುವ ಮೊದಲೇ ನಂಬರ್ ಹೇಳಿದರು. ಕೆಂಪು ರಿಬ್ಬನ್ನಿನವಳಿಗೆ ಒಂದು ಸಲ, ಹಸಿರು ರಿಬ್ಬನ್ನಿನ ನನಗೆ ಇನ್ನೊಂದು ಸಲ.

ಇಬ್ಬರೂ ಬರೆದುಕೊಂಡೆವು.